ಅರಗಿನ ಮುದ್ರೆ ಹಾಕಿದ ಬ್ಯಾಟರಿ

ಕೂಡಿಡುವ ವಿದ್ಯೆಯಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ನಂಬುವುದಕ್ಕೆ ಕಾರಣವೂ ಇತ್ತು. ಮೂವತ್ತೊಂದು ವರ್ಷ ಅರಸೀಕೆರೆಯಲ್ಲಿ ದವಸದ ಉಗ್ರಾಣ ಕಾಯ್ದವನು ನಾನು. ಕಾಗದದಲ್ಲಿ ಗೋಡೌನ್ ಕೀಪರ್ ಎಂದಿತ್ತು. ನಾನು ಮಾತ್ರ ಉಗ್ರಾಣಾಧಿಕಾರಿ ಎಂದೇ ಹೇಳಿಕೊಳ್ಳುತ್ತಿದ್ದೆ. ರಾಗಿ ಬರಲಿ, ಕೊಬ್ಬರಿ ಬರಲಿ, ಹುರುಳಿ ಬರಲಿ, ಚೀಲದ ಬಾಯಿಗೆ ದಬ್ಬಳದ ಹೊಲಿಗೆ, ಬಾಗಿಲಿಗೆ ಬೀಗ, ಬೀಗದ ಮೇಲೆ ಅರಗಿನ ಮುದ್ರೆ. ನನ್ನ ಹೆಸರು ಕೇಳಿದರೆ ಇಲಿಗಳು ಪಕ್ಕದ ಉಗ್ರಾಣಕ್ಕೆ ವರ್ಗ ಮಾಡಿಸಿಕೊಂಡು ಹೋಗುತ್ತಿದ್ದವು.

ನಿವೃತ್ತನಾಗಿ ಹಾರನಹಳ್ಳಿ ಪಕ್ಕದ ನಮ್ಮ ಊರಿಗೆ ಬಂದು ಕೂತೆ. ಸೊಂಟದಲ್ಲಿ ಬೀಗದ ಕೈಗೊಂಚಲಿಲ್ಲ. ಬೆಳಿಗ್ಗೆ ಎದ್ದರೆ "ತಿಮ್ಮೇಗೌಡ್ರೇ, ಬಾಗಿಲು ತೆಗೀರಿ" ಎಂದು ಕೇಳುವವರಿಲ್ಲ. ಮನೆಯಲ್ಲಿ ಕಾಯಬಹುದಾದ ಆಸ್ತಿ ಎಂದರೆ ಮೂರು ಚೀಲ ಹಳೇ ರಾಗಿ. ಅದಕ್ಕೇ ಹೊಲಿಗೆ ಹಾಕಿ, ಹೊಲಿಗೆಯ ಮೇಲೆ ಅರಗು ಸುರಿದು, ದಿನಕ್ಕೆರಡು ಸಲ ತಪಾಸಣೆ ಮಾಡುತ್ತಿದ್ದೆ. ನನ್ನ ಹೆಂಡತಿ ಸಾವಿತ್ರಿ ನೋಡಿಯೂ ನೋಡದ ಹಾಗೆ ಇರುತ್ತಿದ್ದಳು. ನಿಜ ಹೇಳುತ್ತೇನೆ, ಆ ದಿನಗಳಲ್ಲಿ ನನಗೆ ಬಹಳ ಬೇಸರವಿತ್ತು. ಬೇಡವಾದ ಮನುಷ್ಯ ಆಗಿಬಿಟ್ಟೆ ಅನ್ನಿಸುತ್ತಿತ್ತು.

ಆಗ ಸಂಕ್ರಾಂತಿಗೆ ಮಾದಿಹಳ್ಳಿಗೆ ಹೋದೆವು. ಅಲ್ಲಿ ಸಾವಿತ್ರಿಯ ತಂಗಿ ಮನೆ. ಅವರ ತಾರಸಿಯ ಮೇಲೆ ಸೋಲಾರ್ ಪ್ಯಾನೆಲ್, ಒಳಗೆ ಇನ್ವರ್ಟರ್, ಅದರ ಪಕ್ಕ ಕುರಿಮರಿ ಗಾತ್ರದ ಒಂದು ಬ್ಯಾಟರಿ.

"ಏನಿದು?" ಎಂದೆ.

"ಹಗಲು ಬಿಸಿಲಲ್ಲಿ ಬಂದ ಕರೆಂಟು ಇದ್ರಲ್ಲಿ ಕೂಡಿಟ್ಕಂತದೆ ಭಾವ. ಬೇಕಾದಾಗ ತಕ್ಕೊಬೋದು" ಎಂದಳು ನಾದಿನಿ.

ಕೂಡಿಡುವುದು! ನನ್ನ ಕಿವಿ ನೆಟ್ಟಗಾಯಿತು. ಇಷ್ಟು ವರ್ಷ ರಾಗಿ ಕಾಯ್ದೆ, ಕೊಬ್ಬರಿ ಕಾಯ್ದೆ. ಇನ್ನು ಬಿಸಿಲು ಕಾಯುವುದೊಂದು ಬಾಕಿ ಇತ್ತು. ವಾರದೊಳಗೆ ಬಾಣಾವರದಿಂದ ಬ್ಯಾಟರಿ ಅಂಗಡಿಯ ಚಂದ್ರು ಸಾಮಾನು ತಂದು ನಮ್ಮ ಮನೆಯಲ್ಲೂ ಕೂರಿಸಿದ. ನಡುವಯಸ್ಸಿನ ಮನುಷ್ಯ, ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ:

"ಗೌಡ್ರೇ, ದಿನಾ ಬಳಸ್ರಿ. ದಿನಾ ತುಂಬ್ತದೆ, ದಿನಾ ಖರ್ಚು ಮಾಡ್ರಿ. ಬ್ಯಾಟರಿ ಇಡೋದ್ರಾಗೆ ಒಂದು ಲೆಕ್ಕಾಚಾರ ಐತೆ, ಹೇಳ್ತೀನಿ ಕೇಳಿ…"

"ಚಂದ್ರು, ನಾನು ಮೂವತ್ತೊಂದು ವರ್ಷ ಉಗ್ರಾಣದಲ್ಲಿದ್ದವನು" ಎಂದೆ.

ಅವನು ನನ್ನ ಮುಖ ನೋಡಿದ, ಸಾವಿತ್ರಿಯ ಮುಖ ನೋಡಿದ, ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೋದ.

ನಮ್ಮ ತಾತನ ಕಾಲದಲ್ಲಿ ಮನೆ ಮುಂದೆ ಹಗೇವು ಇತ್ತು. ನೆಲದಲ್ಲಿ ಆಳದ ಗುಂಡಿ. ಅದಕ್ಕೆ ರಾಗಿ ಸುರಿದು, ಹುಲ್ಲು ಹಾಸಿ, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿಬಿಡುವುದು. ನಾಲ್ಕು ವರ್ಷ ಬಿಟ್ಟು ತೆಗೆದರೂ ರಾಗಿ ನಿನ್ನೆ ಸುರಿದ ಹಾಗೆ ಇರುತ್ತಿತ್ತು. ಅದರ ಗುಟ್ಟು ಒಂದೇ: ತುಂಬಬೇಕು, ಮುಚ್ಚಬೇಕು, ಮರೆಯಬೇಕು. ಪದೇ ಪದೇ ಬಾಯಿ ತೆಗೆದರೆ ಗಾಳಿ ಒಳಹೊಕ್ಕು ಹುಳು ಬೀಳುತ್ತದೆ. ಈ ಸೂತ್ರವನ್ನೇ ನಾನು ಬ್ಯಾಟರಿಗೂ ಅನ್ವಯಿಸುವುದಾಗಿ ತೀರ್ಮಾನಿಸಿದೆ.

ಮೂರು ದಿನ ಒಳ್ಳೆ ಬಿಸಿಲು ಕಾಯಿತು. ಬ್ಯಾಟರಿ ತುಂಬಿದೆ ಎಂದು ಇನ್ವರ್ಟರಿನ ಹಸಿರು ದೀಪ ಹತ್ತಿತು. ಅಂದು ಮಧ್ಯಾಹ್ನ ಊಟ ಮಾಡಿ, ಅಂಗವಸ್ತ್ರ ಹೊದ್ದು, ಮುಚ್ಚುವ ಕಾರ್ಯಕ್ಕೆ ಕೈ ಹಾಕಿದೆ. ತುಂಬಿದ ಚೀಲಕ್ಕೆ ಮತ್ತೆ ಸುರಿದರೆ ಹೊಲಿಗೆ ಬಿಚ್ಚುತ್ತದೆ. ಆದ್ದರಿಂದ ತಾರಸಿಗೆ ಹತ್ತಿ ಪ್ಯಾನೆಲ್‌ಗಳ ಮೇಲೆ ಉಗ್ರಾಣದ ಕಾಲದ ಟಾರ್ಪಾಲು ಹೊದಿಸಿ ಹಗ್ಗ ಬಿಗಿದೆ. ಲೈನಿನ ಕರೆಂಟೂ ಒಳಗೆ ನುಗ್ಗಬಾರದೆಂದು ಅದರ ಪ್ಲಗ್ ಕಿತ್ತೆ. ಮನೆಯವರು ಕದಿಯಬಾರದೆಂದು ಮನೆಗೆ ಹೋಗುವ ಸ್ವಿಚ್ಚನ್ನೂ ಇಳಿಸಿದೆ. ಇನ್ವರ್ಟರನ್ನು ಮಾತ್ರ ಹಾಗೇ ಬಿಟ್ಟೆ. ಆ ಹಸಿರು ದೀಪ ಮಿಣಮಿಣ ಎನ್ನುತ್ತಿದ್ದರೆ ಬಾಗಿಲಲ್ಲಿ ಕಾವಲುಗಾರ ಎಚ್ಚರವಿದ್ದಾನೆ ಎಂದು ನನಗೊಂದು ಸಮಾಧಾನ. ಇನ್ವರ್ಟರು, ಬ್ಯಾಟರಿ ಎರಡನ್ನೂ ಮರದ ಬೀರುವಿಗೆ ಸೇರಿಸಿ, ಸುತ್ತ ಬೇವಿನ ಸೊಪ್ಪು ಹಾಸಿ, ಬ್ಯಾಟರಿಗೆ ಗೋಣಿ ಹೊದಿಸಿ, ಬೀಗ ಜಡಿದು, ಬೀಗದ ಮೇಲೆ ಅರಗು ಕಾಯಿಸಿ ಸುರಿದು, ನನ್ನ ಹಳೇ ಮುದ್ರೆ ಒತ್ತಿದೆ. ಮೇಲೊಂದು ಚೀಟಿ: "ತುಂಬಿದೆ. ಮುಟ್ಟತಕ್ಕದ್ದಲ್ಲ. ಉಗ್ರಾಣಾಧಿಕಾರಿ."

ಸಾವಿತ್ರಿ ಸೌಟು ಹಿಡಿದು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು.

"ಬೇವಿನ ಸೊಪ್ಪು ಯಾಕ್ರೀ?"

"ಹುಳ ಬೀಳಬಾರದು ಅಂತ."

"ಕರೆಂಟಿಗಾ?"

"ಯಾವುದಕ್ಕೂ ಇರಲಿ ಕಣೇ."

"ಚಂದ್ರು ದಿನಾ ಬಳಸಿ ಅಂದ."

"ಅವನು ಮಾರುವವನು, ನಾನು ಕಾಯುವವನು. ಹಳೇಬೀಡಿನ ಗುಡಿಯ ಕಲ್ಲು ಎಷ್ಟು ಕಾಲದಿಂದ ಇಟ್ಟಲ್ಲೇ ಇದೆ ಹೇಳು, ಕೆಟ್ಟಿದೆಯಾ?"

ಸಾವಿತ್ರಿ ಒಳಗೆ ಹೋಗಿ ಒಗ್ಗರಣೆ ಹಾಕಿದಳು.

ಒಂದು ವಾರ ಕಳೆದಿರಬೇಕು. ಬೀರುವಿನೊಳಗಿಂದ ಕುಂಯ್ ಕುಂಯ್ ಎಂದು ಸದ್ದು ಬರತೊಡಗಿತು. "ರೀ, ಅದು ಏನೋ ಕೇಳ್ತೈತೆ" ಎಂದಳು. ನಾನು ಕಿವಿಯಿಟ್ಟು ಆಲಿಸಿ, ತುಂಬಿದ ಹೊಟ್ಟೆಗೆ ತೇಗು ಬರುವುದು ಸಹಜವೆಂದು ತೀರ್ಪು ಕೊಟ್ಟೆ. ಅರ್ಧ ದಿನ ಕೂಗಿ ತಾನಾಗಿ ನಿಂತಿತು. ಬೀರುವಿನ ಬಿರುಕಲ್ಲಿ ಕಾಣುತ್ತಿದ್ದ ಹಸಿರು ದೀಪವೂ ಕಾಣದಾಯಿತು.

"ನೋಡಿದೆಯಾ, ಸರಿಹೋಯಿತು" ಎಂದೆ.

"ದೀಪ ಯಾಕೆ ಆರಿತು?"

"ಕಾವಲುಗಾರ ಮಲಗಿದ ಎಂದರೆ ಊರಲ್ಲಿ ಕಳ್ಳರಿಲ್ಲ ಎಂದರ್ಥ."

ಬೇಸಿಗೆಯಲ್ಲಿ ಎಷ್ಟೋ ಸಲ ಕರೆಂಟು ಹೋಯಿತು. ಸಾವಿತ್ರಿ ಬೀಸಣಿಗೆ ಹಿಡಿದು ಬೀರುವಿನ ಕಡೆ ನೋಡುವಳು. ನಾನು ಅಲ್ಲಾಡಲಿಲ್ಲ. "ಇದೆಲ್ಲ ಸಣ್ಣ ಕತ್ತಲೆ ಕಣೇ. ದೊಡ್ಡ ಕತ್ತಲೆಗೆ ಅಂತ ಇಟ್ಟಿರೋದು ಅದು" ಎನ್ನುತ್ತಿದ್ದೆ. ಊರಲ್ಲೂ ಹೇಳಿಕೊಂಡು ತಿರುಗಿದೆ. ದೊಡ್ಡ ಕರೆಂಟು ಕಟ್ ಆದರೆ ಯಾರೂ ಹೆದರಬೇಡಿ, ನಮ್ಮ ಮನೆಗೆ ಬನ್ನಿ, ಎಲ್ಲರ ಫೋನಿಗೂ ನನ್ನಲ್ಲಿ ದಾಸ್ತಾನಿದೆ ಎಂದು ಹಾಲಿನ ಡೈರಿ ಮುಂದೆ ನಿಂತು ಸಾರಿದೆ. ಜನ ಗೌರವದಿಂದ ತಲೆಯಾಡಿಸಿದರು. ಎಷ್ಟೋ ದಿನದ ಮೇಲೆ ನಾನು ಬೇಕಾದ ಮನುಷ್ಯ ಆಗಿದ್ದೆ.

ಆಷಾಢದ ಹೊತ್ತಿಗೆ ಸಾವಿತ್ರಿ ತನ್ನದೇ ಒಂದು ಕೆಲಸ ಶುರು ಮಾಡಿದಳು. ಅವಳ ತಂಗಿ ಬಳಸದೆ ಇಟ್ಟಿದ್ದ, ಮೊಟ್ಟೆಗೆ ಕಾವು ಕೊಡುವ ಮೆಷೀನನ್ನು ಮಾದಿಹಳ್ಳಿಯಿಂದ ತರಿಸಿದಳು. ಪೆಟ್ಟಿಗೆಯಂಥದು, ಕರೆಂಟಿನಲ್ಲಿ ಒಳಗೆ ಒಂದೇ ಸಮ ಬಿಸಿ ಇರುತ್ತದೆ, ಇಪ್ಪತ್ತೊಂದು ದಿನಕ್ಕೆ ಮರಿ. ಬೀದಿಯ ಆರು ಮನೆಯ ಹೆಂಗಸರು ತಮ್ಮ ತಮ್ಮ ನಾಟಿ ಕೋಳಿಯ ಮೊಟ್ಟೆ ತಂದುಕೊಟ್ಟರು. ಒಟ್ಟು ತೊಂಬತ್ತಾರು. ಯಾರ ಮೊಟ್ಟೆ ಯಾವುದೆಂದು ಸಾವಿತ್ರಿ ಪೆನ್ಸಿಲಿನಲ್ಲಿ ಗುರುತು ಹಾಕಿದಳು.

ಕೊನೆಗೆ ಬಂದವಳು ಎದುರು ಮನೆಯ ಲಕ್ಕಮ್ಮ. ನಮ್ಮ ತಾಯಿಯ ವಾರಿಗೆಯವಳು, ನಾನು ದೊಡ್ಡವ್ವ ಎಂದೇ ಕರೆಯುವುದು. ಅವಳಿಗೊಂದು ಕೆಂಚು ಕೋಳಿ ಇತ್ತು, ಹೆಸರೇ ಕೆಂಚಿ. ಅದರ ಅಜ್ಜಿ ಮುತ್ತಜ್ಜಿಯರೆಲ್ಲ ಲಕ್ಕಮ್ಮನ ಹಟ್ಟಿಯಲ್ಲೇ ಮೊಟ್ಟೆಯೊಡೆದು ಬಂದವು. ಹಿಂದಿನ ದಿನ ಕೆಂಚಿಯನ್ನು ಮುಂಗುಸಿ ಹಿಡಿದಿತ್ತು. ಲಕ್ಕಮ್ಮ ಪುಟ್ಟಿಯಲ್ಲಿ ಬೂಸಾ ಹಾಸಿ ಹನ್ನೊಂದು ಮೊಟ್ಟೆ ತಂದಿದ್ದಳು.

"ಇಷ್ಟೇ ಉಳಿದಿರೋದು ಅವಳ್ದು" ಎಂದಳು. ಆಮೇಲೆ ಮೆಷೀನಿನ ವೈರು ನೋಡಿ, "ಕರೆಂಟು ಹೋದ್ರೆ ಏನ್ಮಾಡ್ತೀಯೇ ಸಾವಿತ್ರಿ?"

ಸಾವಿತ್ರಿ ಬಾಯಿ ತೆರೆಯುವ ಮೊದಲೇ ನಾನು ಮುಂದೆ ಬಂದೆ. "ದೊಡ್ಡವ್ವ, ನನ್ನ ಉಗ್ರಾಣದಲ್ಲಿ ಕರೆಂಟಿದೆ. ನಿನ್ನ ಮೊಟ್ಟೆಗೆ ನಾನು ಹೊಣೆ."

ಮುದುಕಿ ಬೀಗದ ಮೇಲಿನ ಅರಗಿನ ಮುದ್ರೆಯನ್ನು ಬೆರಳಲ್ಲಿ ಮುಟ್ಟಿ ನೋಡಿ, ನೆಮ್ಮದಿಯಿಂದ ಮನೆಗೆ ಹೋದಳು. ಆ ಬೆರಳು ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಹತ್ತೊಂಬತ್ತನೇ ದಿನ ಬೆಳಿಗ್ಗೆ ಎಂಟರ ಸುಮಾರಿಗೆ ದೊಡ್ಡ ಗಾಳಿ ಬಂತು. ಕೆರೆ ಏರಿಯ ಹತ್ತಿರ ತೆಂಗಿನ ಮರವೊಂದು ತಂತಿಯ ಮೇಲೆ ಮಲಗಿ, ಜೊತೆಗೆ ಎರಡು ಕಂಬವನ್ನೂ ಮಲಗಿಸಿತು. ಲೈನ್‌ಮನ್ ಬಂದು ನೋಡಿ, "ನಾಳೆ ಮಧ್ಯಾಹ್ನದ ಮೇಲೆ" ಎಂದು ಹೇಳಿ ಹೋದ. ಊರಲ್ಲಿದ್ದ ಒಂದೇ ಜನರೇಟರ್ ಮದುವೆಗೆಂದು ಬೇಲೂರಿಗೆ ಹೋಗಿತ್ತು. ಮರಿ ಆಗುವ ಹೊತ್ತಿನ ಮೊಟ್ಟೆಗಳನ್ನು ಟೆಂಪೋದಲ್ಲಿ ಕುಲುಕಿಕೊಂಡು ಬೇರೆ ಊರಿಗೆ ಒಯ್ಯುವಂತಿರಲಿಲ್ಲ. ಎಲ್ಲರ ಮುಖವೂ ಬಾಡಿತು.

ನನ್ನ ಮುಖ ಅರಳಿತು. ಆರು ತಿಂಗಳಿಂದ ನಾನು ಕಾದಿದ್ದ ದೊಡ್ಡ ಕತ್ತಲೆ ಕೊನೆಗೂ ಬಂದಿತ್ತು, ಅದೂ ಬೆಳಗಿನ ಹೊತ್ತಿನಲ್ಲಿ. ಸ್ನಾನ ಮಾಡಿ ಬಿಳಿ ಶರ್ಟು ಹಾಕಿಕೊಂಡೆ. ಅಷ್ಟರಲ್ಲಿ ಡೈರಿ ಮುಂದಿನ ನನ್ನ ಸಾರುವಿಕೆಯನ್ನು ನೆನಪಿಟ್ಟುಕೊಂಡ ಜನ ಬರತೊಡಗಿದರು. ಕೈಯಲ್ಲಿ ಫೋನು, ಚಾರ್ಜರು, ಒಬ್ಬರ ಕೈಯಲ್ಲಿ ಟಾರ್ಚು; ಪಕ್ಕದ ಮನೆ ಪುಟ್ಟರಾಜುವಿನ ಹೆಂಡತಿ ದೋಸೆಹಿಟ್ಟು ರುಬ್ಬಲು ಮಿಕ್ಸಿಯನ್ನೇ ಎತ್ತಿಕೊಂಡು ಬಂದಿದ್ದಳು. ಲಕ್ಕಮ್ಮ ಬಂದು ಮೆಷೀನಿನ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

ಎಲ್ಲರೂ ನೋಡುತ್ತಿರಲು ನಾನು ಮುದ್ರೆ ಒಡೆದೆ. ಬೀಗ ತೆಗೆದೆ. ಗೋಣಿ ಸರಿಸಿದೆ. ಒಣಗಿದ ಬೇವಿನೆಲೆ ಜರಜರ ಉದುರಿತು. ಮನೆಯ ಸ್ವಿಚ್ಚು ಮೇಲೆತ್ತಿದೆ.

ಏನೂ ಆಗಲಿಲ್ಲ.

ಇಳಿಸಿ ಮತ್ತೆ ಎತ್ತಿದೆ. ಬ್ಯಾಟರಿಯ ಬೆನ್ನು ತಟ್ಟಿದೆ. "ನಿದ್ದೆಯಲ್ಲಿದೆ" ಎಂದೆ. ಯಾರೋ ಹಿಂದಿನಿಂದ, "ಆರು ತಿಂಗಳಾಯ್ತಲ್ಲ, ಗಾಢ ನಿದ್ದೆ" ಎಂದರು. ಪುಟ್ಟರಾಜುವಿನ ಹೆಂಡತಿ ಮಿಕ್ಸಿ ಕೆಳಗಿಟ್ಟು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಸಾವಿತ್ರಿ ಚಂದ್ರುವಿಗೆ ಫೋನು ಹಚ್ಚಿದಳು. "ಹನ್ನೊಂದರ ಬಸ್ಸಿಗೆ ಬತ್ತೀನಿ ಅಮ್ಮಾವ್ರೇ. ಅಲ್ಲೀತನಕ ಗೌಡ್ರು ಏನೂ ಮುಟ್ಟದ ಹಂಗೆ ನೋಡ್ಕಳಿ" ಎಂದನಂತೆ. ಈ ಮಾತು ನನಗೆ ತಾಗಿತು. ಅವನು ಬರುವ ಮೊದಲೇ ಸರಿ ಮಾಡಿ ತೋರಿಸಬೇಕೆಂದು ಹಟ ಬಂತು.

ಮೊದಲು ತಾರಸಿಗೆ ಓಡಿದೆ. ಆಷಾಢದ ಮೋಡ, ಆದರೂ ಒಂದಿಷ್ಟು ಬೆಳಕು ಸಿಕ್ಕೀತೆಂದು ಟಾರ್ಪಾಲು ಎಳೆದೆ. ಅದರ ಕೆಳಗೆ ಕಣಜದ ಹುಳುಗಳು ಗೂಡು ಕಟ್ಟಿ ಸಂಸಾರ ಮಾಡಿಕೊಂಡಿದ್ದವು. ಮೂವತ್ತೊಂದು ವರ್ಷದ ಅನುಭವದಲ್ಲಿ ನಾನು ಇಷ್ಟು ಭದ್ರವಾಗಿ ಕಾಪಾಡಿದ ದಾಸ್ತಾನು ಅದೊಂದೇ. ಅವು ಕೃತಜ್ಞತೆ ತೋರಿಸಲಿಲ್ಲ. ಒಂದು ಹುಳು ನೇರವಾಗಿ ಎಡಗಣ್ಣಿನ ರೆಪ್ಪೆಗೆ ಕುಟುಕಿತು. ಇಳಿದು ಬರುವಷ್ಟರಲ್ಲಿ ಆ ಕಣ್ಣು ಬೋಂಡದ ಹಾಗೆ ಊದಿ ಮುಚ್ಚಿಕೊಂಡಿತ್ತು.

ಉಳಿದ ಒಂದು ಕಣ್ಣಲ್ಲೇ ಎರಡನೇ ಉಪಾಯ ಹೊಳೆಯಿತು. ಪುಟ್ಟರಾಜುವಿನ ಟ್ರ್ಯಾಕ್ಟರ್! ಅದರಲ್ಲೂ ಬ್ಯಾಟರಿ ಇದೆಯಲ್ಲ. ಪುಟ್ಟರಾಜು ಒಳ್ಳೆಯವನು, ಬಿಚ್ಚಿ ಹೊತ್ತು ತಂದ. "ನಾನೇ ಜೋಡಿಸ್ಲಾ ತಿಮ್ಮಣ್ಣ?" ಎಂದು ಕೇಳಿದ. ನನ್ನ ಮಾನ ಅಷ್ಟು ಹೊತ್ತಿಗೆ ಮುಕ್ಕಾಲು ಹೋಗಿತ್ತು. ಉಳಿದ ಕಾಲು ಭಾಗವನ್ನಾದರೂ ಉಳಿಸಿಕೊಳ್ಳಲು "ಬೇಡ" ಎಂದೆ.

ಇನ್ವರ್ಟರಿನಿಂದ ಎರಡು ವೈರು ಬಂದಿದ್ದವು, ಒಂದು ಕೆಂಪು, ಒಂದು ಕಪ್ಪು. ಬ್ಯಾಟರಿಯಲ್ಲಿ ಎರಡು ತಲೆ, ಒಂದಕ್ಕೆ ಕೂಡು ಗುರುತು, ಒಂದಕ್ಕೆ ಕಳೆ ಗುರುತು. ಉಗ್ರಾಣದಲ್ಲಿ ನಾವು ಬಂದದ್ದನ್ನು ಕಪ್ಪು ಮಸಿಯಲ್ಲೂ ಹೋದದ್ದನ್ನು ಕೆಂಪು ಮಸಿಯಲ್ಲೂ ಬರೆಯುತ್ತಿದ್ದೆವು. ಆದ್ದರಿಂದ ಕೆಂಪು ಎಂದರೆ ಕಳೆ. ಇದರಲ್ಲಿ ಸಂಶಯಕ್ಕೆ ಎಡೆಯೇ ಇರಲಿಲ್ಲ. ಹಾಗೆಯೇ ಜೋಡಿಸಿದೆ.

ಟಪ್ ಎಂದಿತು. ಒಂದು ಕಿಡಿ, ಒಂದು ಎಳೆ ಹೊಗೆ, ಸುಟ್ಟ ರಬ್ಬರಿನ ವಾಸನೆ.

"ಏನ್ ಮಾಡ್ದೆ ತಿಮ್ಮಣ್ಣ?" ಎಂದ ಪುಟ್ಟರಾಜು, ಮೆಲ್ಲಗೆ.

ಬ್ಯಾಟರಿ ಮೊದಲೇ ಸತ್ತಿತ್ತು, ಈಗ ಇನ್ವರ್ಟರೂ ಸಹಗಮನ ಮಾಡಿತ್ತು. ಲಕ್ಕಮ್ಮ ಮೆಷೀನಿನ ಗಾಜಿಗೆ ಕೈಯಿಟ್ಟು, "ತಣ್ಣಗಾಗ್ತೈತೆ ಕಣೇ ಸಾವಿತ್ರಿ" ಎಂದಳು. ನಗೆಪಾಟಲಾದರೆ ಆಗಲಿ, ಊರು ನಾಲ್ಕು ದಿನ ನಕ್ಕು ಮರೆಯುತ್ತದೆ. ಆದರೆ ಆ ಹನ್ನೊಂದು ಮೊಟ್ಟೆಗೆ ನಾನು ಹೊಣೆ ಎಂದಿದ್ದೆ. ಅವು ಹೋದರೆ ಇನ್ನೊಂದು ಕೆಂಚಿಯನ್ನು ಎಲ್ಲಿಂದ ತರಲಿ?

ಸಾವಿತ್ರಿ ನನ್ನ ಮೇಲೆ ರೇಗುತ್ತಾಳೆಂದು ಕಾದೆ. ಅವಳು ನನ್ನ ಕಡೆ ನೋಡಲೂ ಇಲ್ಲ. ಮೆಷೀನಿನ ಬಾಗಿಲು ತೆರೆದು ಒಂದು ಮೊಟ್ಟೆ ತೆಗೆದಳು, ಕಣ್ಣು ಮುಚ್ಚಿ ಅದನ್ನು ತನ್ನ ರೆಪ್ಪೆಗೆ ಒತ್ತಿಕೊಂಡಳು. ಅರೆಗಳಿಗೆ ಹಾಗೇ ನಿಂತಳು.

"ಇನ್ನೂ ಬೆಚ್ಚಗೈತೆ" ಎಂದಳು. "ರೆಪ್ಪೆಗೆ ಹಿತವಾಗಿದ್ರೆ ಮೊಟ್ಟೆಗೂ ಹಿತ. ನಮ್ಮವ್ವ ಹಿಂಗೇ ನೋಡ್ತಿದ್ಲು. ಲಕ್ಕಮ್ಮನವ್ರೇ, ಅಗಲ ಮಂಕರಿ ಎಷ್ಟವೆ ತರ್ಸಿ. ಕಂಬಳಿ ಇರೋರು ಕಂಬಳಿ ತನ್ನಿ. ಪುಟ್ಟರಾಜು, ಹಿತ್ತಲ ಒಲೆ ಹಚ್ಚಪ್ಪ, ದೊಡ್ಡ ಬಾಣಲೆ ಇಡು." ಆಮೇಲೆ ನನ್ನ ಕಡೆ ತಿರುಗಿದಳು. "ರೀ, ಆ ಹಳೇ ರಾಗಿ ಚೀಲ ಬಿಚ್ಚಿ."

"ಯಾವುದನ್ನ?"

"ಮೂರನ್ನೂ."

ಮೂರು ವರ್ಷದಿಂದ ಅರಗು ಹಾಕಿಟ್ಟ ರಾಗಿ. ಕೈ ಒಂದು ಕ್ಷಣ ತಡೆಯಿತು, ಸುಳ್ಳು ಹೇಳುವುದಿಲ್ಲ. ಸಾವಿತ್ರಿ ಕತ್ತರಿ ತಂದು ಕೈಗಿಟ್ಟಳು. ಅಂದು ಒಡೆದ ಎರಡನೇ ಮುದ್ರೆ ಅದು. ಒಳಗೆ ರಾಗಿ ಹೊಸದರಂತೆಯೇ ಇತ್ತು, ಒಂದು ಹುಳವಿಲ್ಲ. ನಾನು ಕೂಡಿಟ್ಟದ್ದರಲ್ಲಿ ಉಳಿದದ್ದು ಅದೊಂದೇ.

ಅವಳ ಯೋಚನೆ ಇಷ್ಟು ಸರಳ. ರಾಗಿಯನ್ನು ಬಾಣಲೆಯಲ್ಲಿ ಹದವಾಗಿ ಬಿಸಿ ಮಾಡಿ, ಸಣ್ಣ ಸಣ್ಣ ಬಟ್ಟೆ ಚೀಲಕ್ಕೆ ತುಂಬುವುದು. ಮಂಕರಿಯಲ್ಲಿ ಒಂದು ಪದರ ರಾಗಿ ಚೀಲ, ಮೇಲೆ ಬಟ್ಟೆ, ಬಟ್ಟೆಯ ಮೇಲೆ ಮೊಟ್ಟೆ, ಸುತ್ತಲೂ ರಾಗಿ ಚೀಲ, ಮೇಲೆ ಕಂಬಳಿ. ರಾಗಿ ಬೇಗ ತಣಿಯುವುದಿಲ್ಲ. ತಣಿದ ಚೀಲ ತೆಗೆದು ಬಿಸಿ ಚೀಲ ಇಡುತ್ತಾ ಹೋಗುವುದು. ಇಷ್ಟು ಬಿಸಿ ಎಂದು ಹೇಳುವುದಕ್ಕೆ ಮೀಟರಿಲ್ಲ; ಅವಳ ರೆಪ್ಪೆಯೇ ಮೀಟರು. ಒಂದು ಚೀಲ ಮುಟ್ಟಿ "ಜಾಸ್ತಿ" ಎನ್ನುವಳು, ಇನ್ನೊಂದು ಮುಟ್ಟಿ "ಸಾಲ್ದು" ಎನ್ನುವಳು, ಮೂರನೆಯದನ್ನು ಮಾತಿಲ್ಲದೆ ಮಂಕರಿಗೆ ಇಡುವಳು. ಹಬೆ ಆಡಲೆಂದು ಒಂದು ತಂಬಿಗೆ ಬಿಸಿನೀರನ್ನೂ ಕಂಬಳಿಯೊಳಗೆ ಇಟ್ಟಳು. ಮದುವೆಯಾಗಿ ಮೂವತ್ತನಾಲ್ಕು ವರ್ಷ ಆಗಿತ್ತು. ಇವಳಿಗೆ ಇಷ್ಟೆಲ್ಲ ಗೊತ್ತೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದೆಯಾ ಎಂದು ಕೇಳಿಯೂ ಇರಲಿಲ್ಲ.

"ನಾನೂ ರೆಪ್ಪೆಗಿಟ್ಟು ನೋಡಲಾ?" ಎಂದೆ ಉತ್ಸಾಹದಿಂದ.

"ನಿಮ್ಮ ರೆಪ್ಪೆಯಲ್ಲಿ ಈಗ ಏನು ಇಟ್ರೂ ಬಿಸೀನೇ" ಎಂದಳು. "ಚೀಲ ಹೊಲೀರಿ. ಅದು ನಿಮಗೆ ಬತ್ತದೆ."

ಅದು ನನಗೆ ಬರುತ್ತಿತ್ತು. ದಬ್ಬಳ ತೆಗೆದುಕೊಂಡು ಕೂತೆ. ಅವಳ ಹಳೇ ಸೀರೆ, ನನ್ನ ಹಳೇ ಪಂಚೆ ಹರಿದು, ಗೇಣುದ್ದದ ಚೀಲಗಳನ್ನು ಒಂದರ ಮೇಲೊಂದು ಹೊಲಿದು ಎಸೆದೆ. ಹೊಲಿಯುವ ವೇಗ ನೋಡಿ ಪುಟ್ಟರಾಜುವಿನ ಹೆಂಡತಿ, "ಪರವಾಗಿಲ್ವೇ ಗೌಡ್ರು" ಎಂದಳು. ಆರು ತಿಂಗಳಲ್ಲಿ ನನಗೆ ಸಿಕ್ಕ ಮೊದಲ ನಿಜವಾದ ಮೆಚ್ಚುಗೆ ಅದು. ಅದೇ ಹುಮ್ಮಸ್ಸಿನಲ್ಲಿ ಎದ್ದೆ. ನಲವತ್ತನೇ ಚೀಲವೂ ನನ್ನ ಜೊತೆ ಎದ್ದಿತು. ಒಂದೇ ಕಣ್ಣಲ್ಲಿ ಹೊಲಿದದ್ದರಿಂದ ಉಟ್ಟ ಪಂಚೆಯ ಅಂಚನ್ನೂ ಸೇರಿಸಿ ಹೊಲಿದುಬಿಟ್ಟಿದ್ದೆ.

ಹನ್ನೊಂದರ ಬಸ್ಸು ಹನ್ನೆರಡೂವರೆಗೆ ಬಂತು. ಚಂದ್ರು ಬೀರುವಿನ ಮುಂದೆ ಕೂತು, ಬೇವಿನೆಲೆ ಸರಿಸಿ, ಮೀಟರು ಹಿಡಿದು ನೋಡಿದ. ಚೀಟಿ ಓದಿದ. ಅರಗಿನ ಚೂರನ್ನು ಎತ್ತಿ ಪಕ್ಕಕ್ಕಿಟ್ಟ.

"ಗೌಡ್ರೇ, ಪ್ಯಾನೆಲ್ ಮುಚ್ಚಿದ್ರಿ, ಲೈನು ಕಿತ್ತಿದ್ರಿ. ಸರಿ. ಈ ಹಸಿರು ದೀಪ, ಇನ್ವರ್ಟರು, ಇವು ಏನು ತಿಂದು ಬದುಕಿದ್ವು ಅಂದ್ಕಂಡ್ರಿ?"

ನಾನು ಯೋಚಿಸಿದೆ.

"ಬ್ಯಾಟರಿನೇ ತಿಂದ್ವು. ಒಂದು ವಾರದಾಗೆ ಖಾಲಿ. ಖಾಲಿಯಾಯ್ತು ಅಂತ ಕೂಗಿರಬೇಕಲ್ಲ?"

"ಕೂಗ್ತು" ಎಂದಳು ಸಾವಿತ್ರಿ. "ಇವ್ರು ತೇಗು ಅಂದ್ರು."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಇಲಿ ಬರಬಾರದೆಂದು ನಾನೇ ಬಾಗಿಲಲ್ಲಿ ನಿಲ್ಲಿಸಿದ ಕಾವಲುಗಾರ, ಬೀಗದೊಳಗೆ ಕೂತು, ನನ್ನ ಮುದ್ರೆಯ ರಕ್ಷಣೆಯಲ್ಲಿ, ಅಷ್ಟನ್ನೂ ಉಂಡು ಮಲಗಿದ್ದ.

"ರಾಗಿ ಇಟ್ರೆ ಇರ್ತದೆ ಸಾರ್" ಎಂದ ಚಂದ್ರು, ಸಮಾಧಾನದ ದನಿಯಲ್ಲಿ. "ಬ್ಯಾಟರಿ ಕರೆಯೋ ಹಸು ಇದ್ದಂಗೆ. ದಿನಾ ಮೇವು ಹಾಕ್ಬೇಕು, ದಿನಾ ಕರೀಬೇಕು. ಉಳೀಲಿ ಅಂತ ಕರೀದೆ ಬಿಟ್ರೆ ಬತ್ತೋಯ್ತದೆ. ಖಾಲಿಯಾದ್ದನ್ನ ಹಂಗೇ ತಿಂಗಳುಗಟ್ಟಲೆ ಬಿಟ್ರೆ ಮತ್ತೆ ಏಳಲ್ಲ. ಇದನ್ನೇ ಅವತ್ತು ಹೇಳೋಕೆ ಬಂದೆ."

ಇನ್ವರ್ಟರಿನ ಕಡೆ ಬೆರಳು ತೋರಿಸಿದ. "ಇದು ಹೆಂಗೆ ಸುಟ್ಟಿತು?"

"ಕೆಂಪು ಮಸಿ…" ಎಂದು ಶುರು ಮಾಡಿ ನಿಲ್ಲಿಸಿದೆ.

ಚಂದ್ರು ಎದ್ದು ಮಂಕರಿಗಳ ಹತ್ತಿರ ಹೋದ. ಕಂಬಳಿಯ ಮೂಲೆ ಎತ್ತಿ, ರಾಗಿ ಚೀಲ ಮುಟ್ಟಿ, ಬಹಳ ಹೊತ್ತು ನೋಡಿದ. "ಒಲೆ ಕೊಟ್ಟಿದ್ದನ್ನ ಹಿಡಿದಿಟ್ಕಂಡು ಸ್ವಲ್ಪ ಸ್ವಲ್ಪವಾಗಿ ಬಿಡ್ತೈತೆ. ಅಮ್ಮಾವ್ರೇ, ನೀವು ಮಾಡಿರೋದು ಬ್ಯಾಟರಿನೇ" ಎಂದ. ನಾನು ದಬ್ಬಳ ಹಿಡಿದು ಮೂಲೆಯಲ್ಲಿ ಕೂತಿದ್ದೆ. ಹೆಮ್ಮೆಗೆ ನನ್ನ ಎದೆ ಉಬ್ಬಿತು. ಆ ಹೆಮ್ಮೆ ನನ್ನದಲ್ಲ ಎಂದು ಮರುಗಳಿಗೆ ನೆನಪಾಯಿತು. ಆದರೂ ಉಬ್ಬಿದ್ದು ಇಳಿಯಲಿಲ್ಲ.

ಸಂಜೆಯ ಹೊತ್ತಿಗೆ ಲಕ್ಕಮ್ಮ ಒಂದು ಮೊಟ್ಟೆಯನ್ನು ಕಿವಿಗೆ ಹಿಡಿದಳು. ಮುಖದ ಸುಕ್ಕು ಬಿಚ್ಚಿಕೊಂಡಿತು.

"ಮಾತಾಡ್ತಾವೆ ಕಣೇ" ಎಂದಳು.

ನನಗೂ ಕೊಟ್ಟಳು. ಕಿವಿಗಿಟ್ಟುಕೊಂಡೆ. ಒಳಗಿಂದ, ಬಹಳ ದೂರದಿಂದ ಬಂದಂತೆ, ಚಿಂವ್ ಎಂದಿತು. ಆರು ತಿಂಗಳ ಹಿಂದೆ ಬೀರುವಿನೊಳಗಿಂದ ಕೂಗಿದ್ದನ್ನು ನಾನು ಕೇಳಿಸಿಕೊಂಡಿರಲಿಲ್ಲ. ಇದನ್ನು ಕೇಳಿಸಿಕೊಂಡೆ. ಕಣ್ಣಲ್ಲಿ ನೀರು ಬಂತು. ಹುಳು ಕುಟುಕಿದ್ದರಿಂದ ಎಂದು ಎಲ್ಲರಿಗೂ ಹೇಳಿದೆ. ಆದರೆ ನೀರು ಬಂದದ್ದು ಬಲಗಣ್ಣಲ್ಲಿ.

ಹೆಂಗಸರು ಸರದಿಯಂತೆ ಬೆಳಗಿನ ತನಕ ಚೀಲ ಬದಲಾಯಿಸಿದರಂತೆ. ಅದರ ವಿವರ ನಾನು ಕೊಡಲಾರೆ, ದಬ್ಬಳ ಹಿಡಿದೇ ನಿದ್ದೆ ಹೋಗಿದ್ದೆ. ಮಾರನೇ ದಿನ ಮಧ್ಯಾಹ್ನ ಕರೆಂಟು ಬಂತು, ಮೊಟ್ಟೆಗಳು ಮೆಷೀನಿಗೆ ಮರಳಿದವು. ಅದಾಗಿ ಎರಡನೇ ದಿನ ಮನೆ ತುಂಬ ಚಿಂವ್ ಚಿಂವ್. ತೊಂಬತ್ತಾರರಲ್ಲಿ ಎಪ್ಪತ್ತೆಂಟು ಮರಿಯಾದವು. ಕೆಂಚಿಯವು ಒಂಬತ್ತು.

ಒಡೆಯದೆ ಉಳಿದ ಎರಡನ್ನು ಕೈಯಲ್ಲಿ ಹಿಡಿದು ಲಕ್ಕಮ್ಮನ ಮುಂದೆ ನಿಂತೆ. "ದೊಡ್ಡವ್ವ, ನಾನು ಹೊಣೆ ಅಂದಿದ್ದೆ. ತಪ್ಪಾಯ್ತು."

ಮುದುಕಿ ಮರಿಗಳ ಮೇಲಿಂದ ಕಣ್ಣು ತೆಗೆಯಲಿಲ್ಲ. "ಕೆಂಚಿ ಕೂತಿದ್ರೂ ಎರಡು ಹೋಗ್ತಿದ್ವು ಕಣಪ್ಪ. ಆದ್ರೆ ಅವಳು ಬೀಗ ಹಾಕ್ತಿರಲಿಲ್ಲ."

ಈಗ ನಮ್ಮ ಮನೆಗೆ ಹೊಸ ಬ್ಯಾಟರಿ, ಹೊಸ ಇನ್ವರ್ಟರು ಬಂದಿವೆ. ಆಡಳಿತ ಸಾವಿತ್ರಿಯದು. ಸಂಜೆ ಬ್ಯಾಟರಿಯಲ್ಲೇ ದೀಪ, ಅದರಲ್ಲೇ ಕಾವಿನ ಮೆಷೀನು. ಎರಡು ದಿನ ಮೋಡ ಮುಚ್ಚಿದರೆ ಫ್ಯಾನು ಬಂದ್, ಮೊಟ್ಟೆಗೆ ಮಾತ್ರ ಕೊಡುತ್ತಾಳೆ. ಯಾವಾಗ ಎಷ್ಟು ಇದೆ, ಯಾರಿಗೆ ಎಷ್ಟು ಬಿಡಬೇಕು ಎಂದು ಅವಳಿಗೆ ಗೊತ್ತು. ನಾನು ಮೂವತ್ತೊಂದು ವರ್ಷ ಇಡುವುದನ್ನಷ್ಟೇ ಕಲಿತಿದ್ದೆ. ಇವಳು ಇಟ್ಟು ಕೊಡುವುದನ್ನು ಕಲಿತಿದ್ದಳು. ಬೀಗ ಈಗ ಕೋಳಿಗೂಡಿನ ಬಾಗಿಲಿಗಿದೆ, ಮುಂಗುಸಿಗಾಗಿ. ಅರಗಿನ ಕಡ್ಡಿ ಎಲ್ಲಿದೆಯೋ, ಕೇಳುವ ಧೈರ್ಯ ನನಗಾಗಿಲ್ಲ.

ಆದರೆ ಚಂದ್ರುವಿನ ಉಪದೇಶವನ್ನು ಸಾವಿತ್ರಿ ಬ್ಯಾಟರಿಗಷ್ಟೇ ಬಿಟ್ಟಿಲ್ಲ. ಬೆಳಿಗ್ಗೆ ಪ್ಯಾನೆಲ್‌ಗಳ ದೂಳು ಒರೆಸುವವನು ನಾನು. ಮರಿಗಳಿಗೆ ನುಚ್ಚು ಹಾಕುವವನು ನಾನು. ಆರು ಮನೆಗೆ ಮೊಟ್ಟೆ ಕೇಳಿಕೊಂಡು ಹೋಗುವವನೂ ನಾನೇ. ಊಟವಾದ ಮೇಲೆ ಜಗಲಿಯಲ್ಲಿ ಸ್ವಲ್ಪ ಕಾಲು ಚಾಚಿದರೆ ಒಳಗಿಂದ ದನಿ ಬರುತ್ತದೆ: "ಏಳ್ರೀ. ಚಂದ್ರು ಏನಂದ? ಬಳಸದೆ ಇಟ್ರೆ ಹಾಳಾಗ್ತದೆ."

ಮೊನ್ನೆ ಲಕ್ಕಮ್ಮ ತನ್ನ ಕೆಂಚು ಮರಿಗಳನ್ನು ಹಿಂದೆ ಹಾಕಿಕೊಂಡು ಹಿತ್ತಲಿಗೆ ಬಂದಳು. ನಾನು ಗೂಡು ಗುಡಿಸುತ್ತಿದ್ದೆ.

"ಗೌಡ ಹೆಂಗವ್ನೆ ಸಾವಿತ್ರಿ?"

"ಪರವಾಗಿಲ್ಲ ಕಣ್ರೀ" ಎಂದಳು ನನ್ನ ಹೆಂಡತಿ. "ಹಳೇ ಬ್ಯಾಟರಿ. ದಿನಾ ಒಂದಿಷ್ಟು ಬಳಸ್ತಾ ಇದ್ದೀನಿ, ಹಿಡ್ಕಂಡೈತೆ."

ನಾನು ಪೊರಕೆ ಹಿಡಿದು ಕೋಳಿಗೂಡಿನೊಳಗೆ ಬಗ್ಗಿದೆ. ಕುಂಯ್ ಅನ್ನಲಿಲ್ಲ.